ದಿನಕ್ಕೆ ಐದು ಸಲ ‘ಈಗ ಹೇಗನ್ನಿಸುತ್ತಿದೆ?’ ಅಂತ ಕೇಳುವ ಆ್ಯಪ್: ಏಳು ತಿಂಗಳು ಬಳಸಿದ ಮೇಲೆ

ಐದಕ್ಕೆ ಮೂರು ನಕ್ಷತ್ರ. ಉಳಿದ ಎರಡು ಯಾಕೆ ಕೊಡಲಿಲ್ಲ ಅಂತ ಹೇಳೋಕೆ ಸ್ವಲ್ಪ ಜಾಸ್ತಿ ಜಾಗ ಬೇಕು. ಆ್ಯಪ್‌ನ ಹೆಸರು ಬರೆಯುವುದಿಲ್ಲ. ಮೂಡ್ ಬರೆದಿಡುವ ಆ್ಯಪ್‌ಗಳು ಹತ್ತಾರಿವೆ, ಹೆಚ್ಚುಕಮ್ಮಿ ಎಲ್ಲವೂ ಒಂದೇ ಅಚ್ಚಿನವು. ನಾನು ತೆಗೆಯುವ ತಪ್ಪುಗಳು ಇದೊಂದರದ್ದೇ ಇರಲಾರವು.

ಮೊದಲು ನನ್ನ ಬಗ್ಗೆ. ಕಟ್ಟಡಗಳ ನಕ್ಷೆ ಬಿಡಿಸುವುದು ನನ್ನ ಕೆಲಸ. ದಿನವಿಡೀ ಗೆರೆ, ಅಳತೆ. ನಕ್ಷೆಯಲ್ಲಿ ಒಂದು ಬಾಗಿಲು ಐದು ಮಿಲಿಮೀಟರ್ ಪಕ್ಕಕ್ಕೆ ಸರಿದಿದ್ದರೂ ನನ್ನ ಕಣ್ಣಿಗೆ ಹೊಡೆಯುತ್ತದೆ. ಆದರೆ ಗಂಡ ಮೂರು ದಿನದಿಂದ ಮುಖ ಸಪ್ಪಗೆ ಮಾಡಿಕೊಂಡು ಓಡಾಡುತ್ತಿದ್ದರೂ, ಅವರೇ ಬಾಯಿಬಿಟ್ಟು ಹೇಳುವವರೆಗೆ ನನಗೆ ಗೊತ್ತಾಗುವುದಿಲ್ಲ. ನನ್ನ ಒಳಗಿನದ್ದೂ ಅಷ್ಟೇ. ಒಂದು ಸಂಜೆ ಅಡುಗೆಮನೆಯಲ್ಲಿ ಕಪಾಟಿನ ಬಾಗಿಲುಗಳನ್ನು ಒಂದಾದ ಮೇಲೆ ಒಂದು ಧಡಾರ್ ಅಂತ ಮುಚ್ಚುತ್ತಿದ್ದೆನಂತೆ. ‘ಯಾಕೆ ಇಷ್ಟೊಂದು ಸಿಟ್ಟು?’ ಅಂದರು. ‘ಸಿಟ್ಟಾ? ಇಲ್ವಲ್ಲ. ಭುಜ ನೋಯ್ತಿದೆ, ಅಷ್ಟೆ’ ಅಂದೆ. ಸುಳ್ಳಲ್ಲ. ಭುಜ ನಿಜಕ್ಕೂ ನೋಯುತ್ತಿತ್ತು. ಎರಡು ದಿನ ಆದ ಮೇಲೆ, ಸ್ನಾನ ಮಾಡುವಾಗ, ಹೊಳೆಯಿತು: ಆವತ್ತು ಆಫೀಸಿನಲ್ಲಿ ನನ್ನ ನಕ್ಷೆಯನ್ನು ಬೇರೆಯವರ ಹೆಸರಿನಲ್ಲಿ ಕಳಿಸಿದ್ದರು.

ಭುಜದ ನೋವಿಗೆ ಡಾಕ್ಟರ್ ಹತ್ತಿರ ಹೋದೆ. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಅಲ್ಲಿಂದ ಸುತ್ತಿ ಬಳಸಿ ಒಬ್ಬ ಕೌನ್ಸೆಲರ್ ಹತ್ತಿರ ತಲುಪಿದೆ. ಅವರು ಇಪ್ಪತ್ತು ಸಾಲಿನ ಒಂದು ಪ್ರಶ್ನಾವಳಿ ಕೊಟ್ಟರು. ಟೊರೊಂಟೊ ಅಲೆಕ್ಸಿಥೈಮಿಯಾ ಸ್ಕೇಲ್, ಚಿಕ್ಕದಾಗಿ ಟಿಎಎಸ್-20. ಬ್ಯಾಗ್ಬಿ, ಪಾರ್ಕರ್, ಟೇಲರ್ ಅನ್ನುವವರು 1994ರಲ್ಲಿ ಈ ರೂಪಕ್ಕೆ ತಂದದ್ದು. ಪ್ರತಿ ಸಾಲಿಗೆ ಒಂದರಿಂದ ಐದು ಅಂಕ. ಒಟ್ಟು 61 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅಲೆಕ್ಸಿಥೈಮಿಯಾ, ಅಂದರೆ ತನ್ನ ಭಾವನೆ ತನಗೇ ಸರಿಯಾಗಿ ಗೊತ್ತಾಗದಿರುವುದು, ಇದೆ ಅಂತ ಲೆಕ್ಕ. ನನಗೆ 64. ಅದರೊಳಗೆ ಮೂರು ಭಾಗಗಳಿವೆ: ಭಾವನೆ ಯಾವುದೆಂದು ಗುರುತಿಸುವ ಕಷ್ಟ, ಅದನ್ನು ಮಾತಿನಲ್ಲಿ ಹೇಳುವ ಕಷ್ಟ, ಒಳಗೆ ನೋಡುವ ಬದಲು ಹೊರಗಿನ ಸಂಗತಿಗಳಿಗೇ ಮನಸ್ಸು ಅಂಟಿಕೊಳ್ಳುವುದು. ನನ್ನ ಅಂಕ ಏರಿದ್ದು ಮೊದಲನೆಯದರಲ್ಲಿ. ತನ್ನ ಭಾವನೆ ತನಗೇ ಗೊತ್ತಾಗದವರ ಹತ್ತಿರ ‘ನಿಮಗೆ ನಿಮ್ಮ ಭಾವನೆ ಗೊತ್ತಾಗುತ್ತಾ?’ ಅಂತ ಕೇಳಿ ಅಂಕ ಹಾಕುವುದು ತಮಾಷೆಯೇ. ಕೌನ್ಸೆಲರ್‌ಗೂ ಅದನ್ನೇ ಹೇಳಿದೆ. ಅವರು ನಕ್ಕರು. ನಕ್ಕಿದ್ದು ಖುಷಿಗೋ ಮುಜುಗರಕ್ಕೋ ಗೊತ್ತಾಗಲಿಲ್ಲ.

ಅಲೆಕ್ಸಿಥೈಮಿಯಾ ಅನ್ನುವ ಹೆಸರನ್ನು 1970ರ ದಶಕದ ಶುರುವಿನಲ್ಲಿ ಇಟ್ಟವರು ಪೀಟರ್ ಸಿಫ್ನಿಯೋಸ್ ಅನ್ನುವ ಮನೋವೈದ್ಯರು. ಗ್ರೀಕ್‌ನಲ್ಲಿ ‘ಭಾವಕ್ಕೆ ಪದ ಇಲ್ಲ’ ಅಂತ ಅರ್ಥ. ಇದು ಕಾಯಿಲೆ ಅಲ್ಲ, ಒಂದು ಸ್ವಭಾವ ಅನ್ನಬಹುದು. ಕೆಲವರಲ್ಲಿ ಕಡಿಮೆ, ಕೆಲವರಲ್ಲಿ ಜಾಸ್ತಿ. ಫಿನ್ಲೆಂಡ್‌ನಲ್ಲಿ 1999ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಸಾಮಾನ್ಯ ಜನರಲ್ಲೇ ಶೇ. 13 ಮಂದಿಗೆ ಇದು ಕಂಡುಬಂದಿತ್ತು. ಗಂಡಸರಲ್ಲಿ ಶೇ. 17, ಹೆಂಗಸರಲ್ಲಿ ಶೇ. 10. ಹೆಂಗಸರಿಗೆ ಇಂಥದ್ದು ಇರಲ್ಲ ಅಂತ ಮುಖಕ್ಕೇ ಹೇಳಿದವರಿದ್ದಾರೆ, ಅದಕ್ಕೇ ಈ ಅಂಕಿ ನೆನಪಿಟ್ಟುಕೊಂಡಿದ್ದೇನೆ.

ಆ್ಯಪ್ ಹಾಕಿಕೊಳ್ಳಿ ಅಂದಿದ್ದು ಕೌನ್ಸೆಲರ್. ದಿನಕ್ಕೆ ಐದು ಸಲ ಗಂಟೆ ಹೊಡೆಯುತ್ತದೆ. ತೆರೆದರೆ ಆರು ದುಂಡು ಮುಖಗಳು, ಹಳದಿಯಿಂದ ಕಡುನೀಲಿಯವರೆಗೆ. ಒಂದನ್ನು ಒತ್ತಿದರೆ ಅದಕ್ಕೆ ಸೇರಿದ ಪದಗಳ ಪಟ್ಟಿ. ಪದ ಆರಿಸಿದರೆ ಮುಗಿಯಿತು, ‘ಶಭಾಷ್!’ ಅಂತ ಚುಕ್ಕಿಗಳ ಮಳೆ. ಎಷ್ಟು ದಿನ ತಪ್ಪದೆ ಬರೆದಿರಿ ಅನ್ನುವುದಕ್ಕೆ ಒಂದು ಬೆಂಕಿಯ ಚಿತ್ರ.

ಮೊದಲ ಮೂರು ವಾರ ನಾನು ಮಾಡಿದ್ದು ಏನು ಗೊತ್ತಾ? ಎಡದಿಂದ ಮೂರನೇ ಮುಖ. ಪ್ರತಿ ಸಲವೂ. ನಡುವಿನದ್ದು ಸೇಫ್ ಅಲ್ವಾ. ಬೆಂಕಿಯ ಚಿತ್ರ ಆರಬಾರದು ಅನ್ನುವುದೊಂದೇ ಚಿಂತೆ. ವಾರದ ಕೊನೆಯಲ್ಲಿ ವರದಿ ಬಂತು: ‘ಈ ವಾರ ನೀವು ತುಂಬಾ ಶಾಂತವಾಗಿದ್ದಿರಿ!’ ಅದೇ ವಾರ ನಾನು ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಹೊಟ್ಟೆ ಕೆಟ್ಟಿದೆ ಅಂದುಕೊಂಡಿದ್ದೆ. ಈ ವರದಿಗೆ ಅರ್ಧ ನಕ್ಷತ್ರ ಕಟ್. ಬೆರಳು ಒತ್ತಿದ್ದನ್ನೇ ಮನಸ್ಸು ಅಂದುಕೊಂಡು ಬಣ್ಣ ಬಣ್ಣದ ಗ್ರಾಫ್ ಬರೆದುಕೊಡುತ್ತದೆ. ಐದೂ ಸಲ ಒಂದೇ ಮುಖ ಒತ್ತಿದ್ದಾರಲ್ಲ, ಇವರಿಗೆ ಏನೂ ತೋಚುತ್ತಿಲ್ಲವೇನೋ ಅನ್ನುವ ಅನುಮಾನ ಅದಕ್ಕೆ ಬರುವುದೇ ಇಲ್ಲ.

ಇನ್ನು ಪದಗಳ ಪಟ್ಟಿ. ಕನ್ನಡದಲ್ಲಿ ಇದೆ ಅಂತ ಖುಷಿಯಾಗಿ ಹಾಕಿಕೊಂಡೆ. ಒಳಗೆ ನೋಡಿದರೆ ‘ದುಃಖಿತ’, ‘ಆತಂಕಿತ’, ‘ಉದ್ವಿಗ್ನ’, ‘ಉಲ್ಲಸಿತ’. ನಾನು ದುಃಖಿತಳಾಗಿದ್ದೇನೆ ಅಂತ ಮನೆಯಲ್ಲಿ ಯಾರಾದರೂ ಹೇಳುವುದನ್ನು ನೀವು ಕೇಳಿದ್ದೀರಾ? ನಾವು ಹೇಳುವುದು ಬೇಜಾರು. ಆ ಬೇಜಾರು ಅನ್ನುವ ಪದ ಪಟ್ಟಿಯಲ್ಲೇ ಇರಲಿಲ್ಲ. ಇರದಿದ್ದದ್ದು ಒಳ್ಳೆಯದೇ ಆಯಿತು ಅಂತ ಆಮೇಲೆ ಅನ್ನಿಸಿತು. ಮಾಡೋಕೆ ಕೆಲಸ ಇಲ್ಲದಿದ್ದರೆ ಬೇಜಾರು, ಯಾರೋ ತೀರಿಕೊಂಡರೆ ಬೇಜಾರು, ಗೆಳತಿ ಫೋನ್ ತೆಗೆಯದಿದ್ದರೆ ಬೇಜಾರು, ‘ನನ್ನ ಮೇಲೆ ಬೇಜಾರಾ?’ ಅಂದರೆ ಅದು ಸಿಟ್ಟು. ನನ್ನಂಥವರಿಗೆ ಅದು ಅಡಗಿ ಕೂರಲು ಒಳ್ಳೆಯ ಮೂಲೆ. ಮೂವತ್ತು ವರ್ಷ ಅದೊಂದೇ ಪದದಲ್ಲಿ ಕಾಲ ಹಾಕಿದ್ದೇನೆ.

ಸ್ವಂತ ಪದ ಸೇರಿಸುವ ಅವಕಾಶ ಇದೆ. ಒಂದೊಂದಾಗಿ ಸೇರಿಸಿದೆ: ಕಸಿವಿಸಿ, ಕಿರಿಕಿರಿ, ತಳಮಳ, ಮುಜುಗರ, ಹಾಯೆನಿಸಿತು. ಆದರೆ ಪಟ್ಟಿ ಉದ್ದವಾದಷ್ಟೂ ನನಗೆ ಕಷ್ಟ ಜಾಸ್ತಿಯಾಯಿತು. ಕಸಿವಿಸಿ ಯಾವುದು, ತಳಮಳ ಯಾವುದು? ಎರಡರ ಅರ್ಥವೂ ಗೊತ್ತು, ವಾಕ್ಯ ಮಾಡು ಅಂದರೆ ಮಾಡುತ್ತೇನೆ. ಈಗ, ಈ ಹೊತ್ತಿನಲ್ಲಿ, ನನ್ನೊಳಗೆ ಇರುವುದು ಯಾವುದು ಅಂದರೆ ಮಾತ್ರ ಪೆನ್ನು ನಿಲ್ಲುತ್ತದೆ. ಎಲ್ಲರಿಗೂ ಭಾವನೆ ಒಳಗೆ ತಯಾರಾಗಿ ಕೂತಿರುತ್ತದೆ, ಚೀಟಿ ಅಂಟಿಸುವುದೊಂದೇ ಬಾಕಿ ಅಂತ ಈ ಆ್ಯಪ್ ಮಾಡಿದವರು ನಂಬಿದ್ದಾರೆ. ನನ್ನ ತಕರಾರು ಇರುವುದು ಅಲ್ಲೇ. ಚೀಟಿ ನನ್ನ ಹತ್ತಿರ ರಾಶಿ ಇದೆ. ಅಂಟಿಸುವ ಡಬ್ಬ ಎಲ್ಲಿ?

ಡಬ್ಬ ಯಾಕೆ ಸಿಗುತ್ತಿಲ್ಲ ಅಂತ ಸ್ವಲ್ಪ ಸುಳಿವು ಸಿಕ್ಕಿದ್ದು ಇದೇ ಆ್ಯಪ್‌ನ ಮುಖದ ಆಟದಿಂದ.

ಆಟ ಸರಳ. ಒಂದು ಮುಖದ ಫೋಟೋ ಬಂದು ಹೋಗುತ್ತದೆ. ಖುಷಿಯೋ, ಸಿಟ್ಟೋ, ದುಃಖವೋ, ಹೆದರಿಕೆಯೋ, ಏನೂ ಇಲ್ಲವೋ ಅಂತ ಒತ್ತಬೇಕು. ಮುಖ ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದನ್ನು ನಾವೇ ಹೊಂದಿಸಬಹುದು. ಮೂರು ಸೆಕೆಂಡ್ ಇಟ್ಟುಕೊಂಡು ಆಡಿದೆ. ಇಪ್ಪತ್ತಕ್ಕೆ ಹದಿನೆಂಟು. ಅಯ್ಯೋ, ನನಗೇನೂ ಆಗಿಲ್ಲ ಅಂದುಕೊಂಡೆ. ಆಮೇಲೆ ಗಮನಿಸಿದೆ, ನಾನು ಮುಖ ಓದುತ್ತಿರಲಿಲ್ಲ, ಅಳತೆ ತೆಗೆಯುತ್ತಿದ್ದೆ. ಹುಬ್ಬಿನ ಒಳತುದಿ ಮೇಲೆ ಹೋಗಿದೆ, ಬಾಯಿಯ ಮೂಲೆ ಕೆಳಗೆ ಇಳಿದಿದೆ, ಹಾಗಾದರೆ ದುಃಖ. ನಕ್ಷೆ ನೋಡಿದ ಹಾಗೆ.

ಸಮಯವನ್ನು ಒಂದು ಸೆಕೆಂಡಿಗೆ ಇಳಿಸಿದೆ. ಇಪ್ಪತ್ತಕ್ಕೆ ಹನ್ನೊಂದು. ಇನ್ನೂ ಇಳಿಸಿದೆ. ನಗುಮುಖ ಆಗಲೂ ಸಿಗುತ್ತಿತ್ತು, ಹಲ್ಲು ಕಾಣುತ್ತದಲ್ಲ. ಸಿಟ್ಟು, ದುಃಖ ಮಾತ್ರ ಜಾರಿಹೋಗುತ್ತಿದ್ದವು. ಅಷ್ಟರಲ್ಲಿ ಒಂಬತ್ತು ವರ್ಷದ ಮಗ ಪಕ್ಕಕ್ಕೆ ಬಂದು ಕೂತ. ಒಂದು ಹೆಂಗಸಿನ ಮುಖ ಬಂದು ಹೋಯಿತು. ನಾನು ‘ಏನೂ ಇಲ್ಲ’ ಅಂತ ಒತ್ತಿದೆ. ‘ಅಮ್ಮ, ಅವರು ಅಳೋ ಹಾಗಿದ್ರಲ್ಲ’ ಅಂದ. ‘ಹೇಗೆ ಗೊತ್ತಾಯ್ತು? ಹುಬ್ಬು ನೋಡಿದೆಯಾ?’ ಅಂದೆ. ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಹುಬ್ಬಾ? ನೋಡಿದ್ರೆ ನಂಗೂ ಒಂಥರಾ ಆಯ್ತು, ಅಷ್ಟೆ’ ಅಂದು ಎದ್ದುಹೋದ.

ಆ ‘ಒಂಥರಾ ಆಯ್ತು’ ಅನ್ನುವುದರಲ್ಲೇ ವಿಷಯ ಇದೆ ಅಂತ ಕೌನ್ಸೆಲರ್ ಹೇಳಿದರು. ಓದಲು ಒಂದಿಷ್ಟು ಕೊಟ್ಟರು. 2005ರಲ್ಲಿ ಪಿ. ಡಿ. ಪಾರ್ಕರ್ (ಪ್ರಶ್ನಾವಳಿಯ ಪಾರ್ಕರ್ ಅಲ್ಲ, ಬೇರೆಯವರು) ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚುಕಮ್ಮಿ ನನ್ನ ಕಥೆಯೇ ಇದೆ. ಮುಖ ನೋಡಲು ಬೇಕಾದಷ್ಟು ಹೊತ್ತು ಕೊಟ್ಟಾಗ ಅಲೆಕ್ಸಿಥೈಮಿಯಾ ಇರುವವರಿಗೂ ಇಲ್ಲದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಬೇಗ ಬೇಗ ತೋರಿಸಿದಾಗ ಮಾತ್ರ ಅಹಿತವಾದ ಭಾವಗಳಲ್ಲಿ ಎಡವಿದರು. ಅಂದರೆ ಗೊತ್ತಿಲ್ಲ ಅಂತ ಅಲ್ಲ. ತಾನಾಗೇ, ಯೋಚನೆ ಮಾಡದೆ ನಡೆಯಬೇಕಾದ ಕೆಲಸ ಸರಿಯಾಗಿ ನಡೆಯುತ್ತಿಲ್ಲ. ಅದನ್ನು ನಾನು ತಲೆ ಓಡಿಸಿ ತುಂಬಿಕೊಳ್ಳುತ್ತಿದ್ದೇನೆ. ಅದಕ್ಕೆ ಹೊತ್ತು ಬೇಕು. ಎದುರಿಗಿರುವ ಜನ ಮೂರು ಸೆಕೆಂಡ್ ಮುಖವನ್ನು ಹಾಗೇ ಹಿಡಿದು ನಿಲ್ಲುವುದಿಲ್ಲ.

ಈ ‘ತಾನಾಗೇ’ ಅನ್ನುವುದನ್ನು ಅಳೆಯಲು ಒಂದು ಚಂದದ ಉಪಾಯ ಇದೆ. 1986ರಲ್ಲಿ ರಸೆಲ್ ಫೇಜಿಯೋ ಮತ್ತು ಜೊತೆಗಾರರು ತೋರಿಸಿಕೊಟ್ಟ ದಾರಿ. ಸ್ಕ್ರೀನ್ ಮೇಲೆ ಒಂದು ಪದವೋ ಚಿತ್ರವೋ ಥಟ್ಟನೆ ಬಂದು ಹೋಗುತ್ತದೆ. ಹಿಂದೆಯೇ ಇನ್ನೊಂದು ಪದ. ಎರಡನೆಯದು ಒಳ್ಳೆಯದೋ ಕೆಟ್ಟದ್ದೋ ಅಂತ ಬೇಗ ಒತ್ತಬೇಕು. ನಗುಮುಖದ ಹಿಂದೆ ‘ಉಡುಗೊರೆ’ ಬಂದರೆ ಬೆರಳು ಸಲೀಸಾಗಿ ಹೋಗುತ್ತದೆ. ಸಿಟ್ಟಿನ ಮುಖದ ಹಿಂದೆ ಅದೇ ‘ಉಡುಗೊರೆ’ ಬಂದರೆ ಕಣ್ಣೆವೆಯಷ್ಟು ತಡ. ಮುಖವನ್ನು ಲೆಕ್ಕಕ್ಕೆ ತಗೋಬೇಡಿ ಅಂದರೂ ಅದು ಬೆರಳನ್ನು ಎಳೆದೇ ಎಳೆಯುತ್ತದೆ. ಈ ಎಳೆತ ಅಲೆಕ್ಸಿಥೈಮಿಯಾ ಇರುವವರಲ್ಲಿ ಹೇಗಿದೆ ಅಂತ ನೋಡಿದವರು ಹಲವರು. ಬೆಲ್ಜಿಯಂನ ನಿಕೊಲಾ ವರ್ಮ್ಯೂಲನ್ ಮತ್ತು ಜೊತೆಗಾರರ 2006ರ ಕೆಲಸದಲ್ಲಿ, ಅಂಕ ಜಾಸ್ತಿ ಇದ್ದವರ ಮೇಲೆ ಸಿಟ್ಟಿನ ಮುಖದ ಎಳೆತ ಕಡಿಮೆ ಇತ್ತು. ಬೇರೆಯವರ ಬೆರಳು ತಡವರಿಸುವಲ್ಲಿ ಇವರ ಬೆರಳು ಆರಾಮಾಗಿ ಹೋಯಿತು. ಕೇಳೋಕೆ ಇದು ಅನುಕೂಲವೇ ಅನ್ನಿಸುತ್ತದೆ. ಆಫೀಸಿನಲ್ಲಿ ‘ನಿಮ್ಮಷ್ಟು ತಣ್ಣಗೆ ಇರುವವರು ಯಾರೂ ಇಲ್ಲ’ ಅಂತ ನನ್ನನ್ನು ಹೊಗಳುತ್ತಾರೆ. ಮನೆಯಲ್ಲಿ ಅದೇ ಮಾತನ್ನು ಬೇರೆ ದನಿಯಲ್ಲಿ ಹೇಳುತ್ತಾರೆ.

ಇನ್ನೊಂದು ಜರ್ಮನಿಯದ್ದು, ಥಾಮಸ್ ಸುಸ್ಲೋ ಅವರ ಗುಂಪಿನದು, 2008ರಲ್ಲಿ ಬಂದದ್ದು. ಮುಖವನ್ನು ಎಷ್ಟು ಬೇಗ ತೋರಿಸಿ ಅದರ ಮೇಲೆ ಭಾವವಿಲ್ಲದ ಇನ್ನೊಂದು ಮುಖ ಮುಚ್ಚುತ್ತಾರೆ ಅಂದರೆ, ಮೊದಲಿನದನ್ನು ನೋಡಿದ್ದೇ ಗೊತ್ತಾಗುವುದಿಲ್ಲ. ಗೊತ್ತಾಗದಿದ್ದರೂ ಮೆದುಳಿನ ಅಮಿಗ್ಡಲಾ ಅನ್ನುವ ಬಾದಾಮಿಯಾಕಾರದ ಭಾಗ ಅಲುಗುತ್ತದೆ. ಹೀಗೆ ಮುಚ್ಚಿಟ್ಟ ದುಃಖದ ಮುಖಗಳಿಗೆ, ಭಾವನೆ ಗುರುತಿಸುವ ಕಷ್ಟ ಜಾಸ್ತಿ ಇದ್ದವರಲ್ಲಿ, ಬಲಗಡೆಯ ಅಮಿಗ್ಡಲಾ ಕಡಿಮೆ ಅಲುಗಿತು. ನನ್ನ ಅಂಕ ಏರಿದ್ದು ಅದೇ ಭಾಗದಲ್ಲಿ ಅಲ್ವಾ? ಓದಿ ಒಂದು ಹೊತ್ತು ಸುಮ್ನೆ ಕೂತೆ. ಏನನ್ನಿಸಿತು ಅಂತ ಕೇಳಬೇಡಿ. ಕೈ ತಣ್ಣಗಾಗಿತ್ತು, ಅಷ್ಟು ಹೇಳಬಲ್ಲೆ. ಇಲ್ಲಿ ಒಂದು ಮಾತು: ಇವು ಗುಂಪಿನ ಲೆಕ್ಕಗಳು. ನನ್ನ ಮೆದುಳನ್ನು ಯಾರೂ ಸ್ಕ್ಯಾನ್ ಮಾಡಿಲ್ಲ. ಸೂಚನೆ ಮಂದವಾಗಿ ಬರುವುದರಿಂದ ಭಾವನೆ ಗೊತ್ತಾಗುತ್ತಿಲ್ಲವೋ, ಗುರುತಿಸುವ ಅಭ್ಯಾಸ ಇಲ್ಲದ್ದರಿಂದ ಸೂಚನೆ ಮಂದವಾಯಿತೋ ಅನ್ನುವುದೂ ಇದರಿಂದ ಇತ್ಯರ್ಥ ಆಗುವುದಿಲ್ಲ. ಎರಡೂ ಜೊತೆಗಿವೆ ಅಂತ ಮಾತ್ರ.

ಈಗ ಆ್ಯಪ್‌ಗೆ ಬರುತ್ತೇನೆ, ಯಾಕೆಂದರೆ ಇಡೀ ಒಂದು ನಕ್ಷತ್ರ ಹೋಗಿದ್ದು ಇಲ್ಲೇ. ಚಂದಾ ಕಟ್ಟಿದವರಿಗೆ ಈ ಆಟದ ‘ಮೇಲಿನ ಹಂತ’ ತೆರೆಯುತ್ತದೆ. ಮುಖ ಮಿಂಚಿನ ಹಾಗೆ ಬಂದು ಹೋಗುತ್ತದೆ, ನೀವು ಏನೂ ಮಾಡಬೇಕಾಗಿಲ್ಲ, ‘ನಿಮ್ಮ ಒಳಮನಸ್ಸು ತಾನಾಗಿ ಕಲಿಯುತ್ತದೆ’ ಅಂತ ಬರೆದಿದ್ದಾರೆ. ಇದಕ್ಕೆ ಆಧಾರ ಏನು ಅಂತ ಆ್ಯಪ್‌ನಲ್ಲಿ ಎಲ್ಲೂ ಇಲ್ಲ. ಸಹಾಯವಾಣಿಗೆ ಬರೆದು ಕೇಳಿದೆ. ‘ನಿಮ್ಮ ಭಾವನಾ ಪಯಣಕ್ಕೆ ಶುಭಾಶಯ’ ಅಂತ ಉತ್ತರ ಬಂತು. ಲ್ಯಾಬ್‌ನಲ್ಲಿ 33 ಮಿಲಿಸೆಕೆಂಡ್ ತೋರಿಸುತ್ತಾರೆ ಅಂದರೆ ಅದಕ್ಕೆ ತಕ್ಕ ಸ್ಕ್ರೀನ್, ತಕ್ಕ ಲೆಕ್ಕ ಇರುತ್ತದೆ. ಸಾಮಾನ್ಯ ಫೋನಿನ ಸ್ಕ್ರೀನ್ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ಒಂದು ಸಲಕ್ಕೆ ಸುಮಾರು 17 ಮಿಲಿಸೆಕೆಂಡ್. ನಡುವೆ ಒಂದು ಮೆಸೇಜ್ ಬಂದು ಫೋನ್ ತಡವರಿಸಿದರೆ ಆ ಲೆಕ್ಕವೆಲ್ಲ ಹಾಳು. ಇದು ಅಳತೆಯ ವಿಷಯ, ನನ್ನ ಕಸುಬು, ಅದಕ್ಕೆ ಬಿಡುವುದಿಲ್ಲ. ಅಳೆಯಲು ಕಂಡುಹಿಡಿದ ಉಪಾಯವನ್ನು ಔಷಧಿ ಅಂತ ಮಾರಬಾರದು. ಥರ್ಮಾಮೀಟರ್ ಬಾಯಲ್ಲಿ ಇಟ್ಟುಕೊಂಡರೆ ಜ್ವರ ಇಳಿಯುತ್ತಾ?

ಹಾಗಾದರೆ ಮೂರು ನಕ್ಷತ್ರ ಕೊಟ್ಟಿದ್ದು ಯಾಕೆ? ಎರಡು ವಿಷಯಕ್ಕೆ. ಎರಡೂ ಹುಡುಕಿದರೆ ಮಾತ್ರ ಸಿಗುವ ಜಾಗದಲ್ಲಿ ಇವೆ.

ಒಂದು, ‘ಗೊತ್ತಿಲ್ಲ’ ಅನ್ನುವ ಬಟನ್. ಪದಗಳ ಪಟ್ಟಿಯ ತೀರಾ ಕೆಳಗೆ, ಸಣ್ಣ ಬೂದು ಅಕ್ಷರದಲ್ಲಿ. ಎರಡು ತಿಂಗಳು ಆದ ಮೇಲೆ ಕಣ್ಣಿಗೆ ಬಿತ್ತು. ಒತ್ತಿದರೆ ಚುಕ್ಕಿಗಳ ಮಳೆ ಬರುವುದಿಲ್ಲ, ಬೆಂಕಿಯ ಚಿತ್ರ ಮಾತ್ರ ಆರದೆ ಉಳಿಯುತ್ತದೆ. ಆವತ್ತಿನಿಂದ ನಾನು ಸುಳ್ಳು ಬರೆಯುವುದು ನಿಂತಿತು. ಒಂದು ವಾರದಲ್ಲಿ ಮೂವತ್ತೈದು ಸಲ ಗಂಟೆ ಹೊಡೆದರೆ ಇಪ್ಪತ್ತೊಂಬತ್ತು ‘ಗೊತ್ತಿಲ್ಲ’. ಕೌನ್ಸೆಲರ್ ಅದನ್ನು ನೋಡಿ ‘ಇದು ನನಗೆ ಉಪಯೋಗಕ್ಕೆ ಬರುತ್ತೆ’ ಅಂದರು. ಅಲ್ಲಿಯವರೆಗಿನ ಎರಡು ತಿಂಗಳ ಶಾಂತ ಮುಖಗಳು ಉಪಯೋಗಕ್ಕೆ ಬಂದಿರಲಿಲ್ಲ.

ಎರಡು, ಮೈ ಚಿತ್ರ. ‘ಗೊತ್ತಿಲ್ಲ’ ಒತ್ತಿದ ಮೇಲೆ ಒಂದು ಮನುಷ್ಯನ ಆಕಾರದ ಗೆರೆ ಬರುತ್ತದೆ. ಎಲ್ಲಿ ಏನಾಗುತ್ತಿದೆಯೋ ಅಲ್ಲಿ ಬೆರಳಿಟ್ಟು, ಬಿಗಿ, ಬಿಸಿ, ತಣ್ಣಗೆ, ಭಾರ, ಇರಿತ ಅಂತ ಗುರುತು ಹಾಕಬಹುದು. ಇದು ನನಗೆ ಬರುತ್ತದೆ! ಇದು ನಕ್ಷೆ. ಒಂದು ತಿಂಗಳ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಬಲಭುಜ ಬಿಗಿ ಇದ್ದ ದಿನಗಳ ಪಕ್ಕದಲ್ಲಿ, ಆವತ್ತು ಏನು ನಡೆಯಿತು ಅಂತ ಒಂದೊಂದು ಸಾಲು ಬರೆದಿಟ್ಟಿದ್ದೆ. ಹನ್ನೊಂದು ದಿನಗಳಲ್ಲಿ ಎಂಟು ದಿನ ಯಾರೋ ನನ್ನ ಮಾತನ್ನು ಅರ್ಧಕ್ಕೆ ತಡೆದಿದ್ದರು, ಇಲ್ಲವೇ ನನ್ನ ಕೆಲಸವನ್ನು ಕೇಳದೆ ಬದಲಾಯಿಸಿದ್ದರು. ಗಂಟಲು ಕಟ್ಟಿದ ದಿನಗಳು ನಾಲ್ಕು. ನಾಲ್ಕೂ ದಿನ ಅಮ್ಮನ ಜೊತೆ ಫೋನಿನಲ್ಲಿ ಮಾತಾಡಿದ್ದೆ.

ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿತ್ತು ಅಂತ ಆಗ ಹೊಳೆಯಿತು. ಮೈ ಉರೀತು. ಎದೆ ಧಸಕ್ ಅಂತು. ಕರುಳು ಚುರುಕ್ ಅಂತು. ಕೈಕಾಲು ತಣ್ಣಗಾಯ್ತು. ಚಿಕ್ಕಂದಿನಿಂದ ಕೇಳುತ್ತಿದ್ದೇನೆ, ನಾನೂ ಹೇಳುತ್ತಿದ್ದೇನೆ. ಮಾತಿಗೆ ಚಂದ ಅಂತ ಹೇಳುತ್ತಾರೆ ಅಂದುಕೊಂಡಿದ್ದೆ, ಆಕಾಶಕ್ಕೆ ಏಣಿ ಅಂದ ಹಾಗೆ. ಜನಕ್ಕೆ ನಿಜವಾಗಲೂ ಎದೆ ಧಸಕ್ ಅನ್ನುತ್ತದೆ, ಅವರು ಕಂಡದ್ದನ್ನೇ ಹೇಳುತ್ತಿದ್ದಾರೆ ಅಂತ ಗೊತ್ತಾಗುವಾಗ ನನಗೆ ಮೂವತ್ತೆಂಟು. ಆ್ಯಪ್‌ನವರು ‘ಉದ್ವಿಗ್ನ’ವನ್ನು ತೆಗೆದು ಇವನ್ನು ಮೈ ಚಿತ್ರದ ಪಕ್ಕದಲ್ಲಿ ಇಟ್ಟಿದ್ದರೆ ನಾಲ್ಕನೇ ನಕ್ಷತ್ರ ಕಣ್ಣುಮುಚ್ಚಿ ಕೊಡುತ್ತಿದ್ದೆ.

ಹೆಸರು ಹುಡುಕುವುದೇ ದಂಡ ಅಂತ ನಾನು ಹೇಳುತ್ತಿಲ್ಲ. ಮ್ಯಾಥ್ಯೂ ಲೀಬರ್ಮನ್ ಮತ್ತು ಜೊತೆಗಾರರು 2007ರಲ್ಲಿ ತೋರಿಸಿದ ಹಾಗೆ, ಸಿಟ್ಟಿನ ಅಥವಾ ಹೆದರಿಕೆಯ ಮುಖ ನೋಡುವಾಗ ಅದರ ಭಾವಕ್ಕೆ ಹೆಸರು ಆರಿಸಿದರೆ ಅಮಿಗ್ಡಲಾದ ಆರ್ಭಟ ಕಡಿಮೆಯಾಗುತ್ತದೆ. ಹೆಸರಿಗೆ ಶಕ್ತಿ ಇದೆ. ಆದರೆ ನನಗೆ ಆ ಹೆಸರಿನ ಹತ್ತಿರ ಹೋಗುವ ದಾರಿ ಭುಜದ ಮೇಲಿಂದ ಇದೆ, ಹಳದಿ ಮುಖಗಳ ಮೇಲಿಂದ ಇಲ್ಲ.

ಉಳಿದದ್ದು ಚುಟುಕಾಗಿ. ಬ್ಯಾಟರಿ ತಿನ್ನುವುದಿಲ್ಲ. ಬರೆದದ್ದನ್ನು ಫೈಲ್ ಮಾಡಿ ತೆಗೆಯಬಹುದು. ಮಧ್ಯಾಹ್ನದ ಗಂಟೆಯನ್ನು ಆಫ್ ಮಾಡಿ, ಮೀಟಿಂಗ್ ನಡುವೆ ಹೊಡೆದು ಮಾನ ಕಳೆಯುತ್ತದೆ. ಬರೆದದ್ದು ಫೋನಿನಲ್ಲೇ ಉಳಿಯುತ್ತದೋ ಅವರ ಹತ್ತಿರ ಹೋಗುತ್ತದೋ ಅನ್ನುವುದನ್ನು ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ನೋಡಿಕೊಳ್ಳಬೇಕು. ಶುರುವಿನಲ್ಲಿ ‘ಹಂಚಿಕೊಳ್ಳಿ’ ಅಂತ ಮೊದಲೇ ಟಿಕ್ ಹಾಕಿಟ್ಟಿರುತ್ತಾರೆ. ನಿಮ್ಮ ಭಾವನೆ ನಿಮಗೆ ಚೆನ್ನಾಗಿ ಗೊತ್ತಾಗುತ್ತದೆ, ಡೈರಿ ಬರೆಯೋಕೆ ಸೋಮಾರಿತನ ಅಷ್ಟೆ ಅನ್ನುವವರಾದರೆ ಈ ಆ್ಯಪ್ ನಿಮಗೆ ಇಷ್ಟವಾಗಬಹುದು. ನನ್ನಂಥವರಾದರೆ ಪಟ್ಟಿಯ ಕೆಳಗಿನ ಬೂದು ಬಟನ್‌ಗೆ ನೇರವಾಗಿ ಹೋಗಿ.

ಮೊನ್ನೆ ರಾತ್ರಿ ಎಂಟರ ಗಂಟೆ ಹೊಡೆಯಿತು. ಬಲಭುಜ ಬಿಗಿ ಅಂತ ಗುರುತು ಹಾಕಿದೆ. ಕೆಳಗೆ ‘ಬಹುಶಃ ಸಿಟ್ಟು. ಯಾರ ಮೇಲೆ ಅಂತ ನೋಡಬೇಕು’ ಅಂತ ಬರೆದೆ. ತಲೆ ಎತ್ತಿದರೆ ಗಂಡ ಎದುರಿನ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಒಂದು, ಎರಡು, ಮೂರು ಅಂತ ಮನಸ್ಸಿನಲ್ಲೇ ಎಣಿಸಿ ಅವರ ಮುಖ ನೋಡಿದೆ. ಹುಬ್ಬಿನ ಒಳತುದಿ ಮೇಲೆ ಹೋಗಿತ್ತು. ‘ರೀ, ಏನಾಯ್ತು?’ ಅಂದೆ. ಫೋನ್‌ನಲ್ಲಿ ಚುಕ್ಕಿಗಳ ಮಳೆ ಬೀಳುತ್ತಿತ್ತು, ಅದನ್ನು ಬೋರಲು ಹಾಕಿದೆ.